ಹೆಸರಿನೊಳಗಿನ ಕಿಟಕಿ

ಮಕ್ಕಳೇ, ಹೆಸರೊಂದು ಕಿವಿಗೆ ಬಿದ್ದರೆ ಸಾಕು, ಉಳಿದುದನ್ನೆಲ್ಲ ನಾವೇ ತುಂಬಿಕೊಂಡುಬಿಡುತ್ತೇವೆ. ನಾನೇನು ಕಡಿಮೆಯವಳಲ್ಲ. ಮದುವೆಯ ಮಾತು ನಡೆದಾಗ ವರನ ಹೆಸರು ಭೀಮಣ್ಣ ಎಂದು ಕೇಳಿ, ದೇಶನೂರಿನ ನಮ್ಮ ಮನೆಯ ಬಾಗಿಲು ಅವರಿಗೆ ಸಾಲುತ್ತದೋ ಇಲ್ಲವೋ ಎಂದು ಚಿಂತಿಸಿದ್ದೆ. ತೆಕ್ಕಲಕೋಟೆಯಿಂದ ಬಂದಿಳಿದವರು ಗಾಳಿ ಬೀಸಿದ ಕಡೆಗೆ ಬಾಗುವ ಭತ್ತದ ಪೈರಿನಂತಿದ್ದರು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ಹಿರಿಯರು ಕಲಿಸಿದ್ದರು. ಬರೆಯಬಾರದೆಂದು ಯಾರೂ ಹೇಳಿರಲಿಲ್ಲ. ಅವರು ಹೋದಮೇಲೆ ಈಗ ಮೊದಲ ಸಲ ಬರೆಯುತ್ತಿದ್ದೇನೆ, ನಾಚಿಕೆಯೂ ಆಗುತ್ತಿದೆ.

ಇನ್ನು ನನ್ನ ಹೆಸರು. ನಿಮಗೆ ನಾನು ಅಜ್ಜಿ ಮಾತ್ರ. ಅದಕ್ಕೂ ಮೊದಲು ಹುಸೇನಮ್ಮ. ನಿತ್ಯ ಲಿಂಗಪೂಜೆ ಮಾಡುವ ಮನೆಯ ಮಗಳಿಗೆ ಈ ಹೆಸರು ಹೇಗೆ ಬಂತೆಂದು ದೇಶನೂರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ನನಗಿಂತ ಮುಂಚೆ ಹುಟ್ಟಿದ ಕೂಸುಗಳು ಅವ್ವನ ಮಡಿಲಲ್ಲಿ ನಿಲ್ಲಲಿಲ್ಲವಂತೆ. ಮೊಹರಮ್ಮಿನಲ್ಲಿ ಹುಸೇನ ಪೀರಲ ದೇವರ ಮುಂದೆ ಮುಲ್ಲಾನಿಂದ ಸಕ್ಕರೆ ಓದಿಸಿ, ಈ ಸಲದ ಕೂಸು ಉಳಿದರೆ ನಿನ್ನ ಹೆಸರೇ ಇಡುತ್ತೇನೆ ಎಂದು ಬೇಡಿಕೊಂಡಳು. ನಾನು ಉಳಿದೆ. ನಮ್ಮ ಓಣಿಯಲ್ಲಿ ಇಂಥ ಹೆಸರಿನವರು ಬೇಕಾದಷ್ಟು ಮಂದಿ. ಸಿರುಗುಪ್ಪದ ಸಂತೆಯಲ್ಲಿ ಯಾರಾದರೂ ‘ಹುಸೇನಮ್ಮಾ’ ಎಂದು ಕೂಗಿದರೆ ನಾಲ್ಕು ಕಡೆಯಿಂದ ‘ಓ’ ಎನ್ನುತ್ತಿದ್ದರು.

ಬಳ್ಳಾರಿಗೆ ಬಂದಮೇಲೆ ಹಾಗಿರಲಿಲ್ಲ. ಅದು ಅದಿರಿನ ಕಾಲ. ಹಗಲೆಲ್ಲ ಲಾರಿಗಳು ಸಾಗುತ್ತಿದ್ದವು. ಅವು ಎಬ್ಬಿಸಿದ ಕೆಂಧೂಳು ಸಂಜೆಯ ಬಿಸಿಲಲ್ಲಿ ತೇಲಿ, ಒಣಹಾಕಿದ ನನ್ನ ಬಿಳಿ ಸೀರೆಗೂ ಗುಲಾಬಿ ಬಣ್ಣ ಹಚ್ಚುತ್ತಿತ್ತು; ಊರೇ ಯಾರದೋ ಕನಸಿನಲ್ಲಿ ಇದ್ದಂತೆ ಕಾಣುತ್ತಿತ್ತು. ಎಲ್ಲೆಲ್ಲಿಂದಲೋ ಬಂದ ಜನ. ಎಲ್ಲರೂ ಒಬ್ಬರಿಗೊಬ್ಬರು ಬರಿಯ ಹೆಸರು. ನನ್ನ ಹಿರಿಮಗ ಬಸವರಾಜ ಗಾಂಧಿನಗರದಲ್ಲಿ ಮನೆ ಕಟ್ಟಿಸಿದ. ಬಾಗಿಲ ಪಕ್ಕದ ಕಲ್ಲಿನಲ್ಲಿ ಮನೆಯ ಹೆಸರು ಕೆತ್ತಿಸಬೇಕಿತ್ತು.

“ಅವ್ವಾ, ಮನೀಗೆ ನಿನ್ನ ಹೆಸರ ಇಡೋದು. ಆದ್ರ ಹುಸೇನಮ್ಮ ಅಂದ್ರ ಇಲ್ಲಿ ಮಂದಿ ಏನೇನೋ ತಿಳ್ಕೊಂತಾರ. ಉಮಾದೇವಿ ಅಂತ ಕೆತ್ತಿಸ್ತೀನಿ. ನಾಳೆ ಮುಂಜಾನಿ ಕುರುಗೋಡಿನಿಂದ ಕಲ್ಲು ಕೆತ್ತಾವ ಬರ್ತಾನ. ಚಲೋ ಐತಲ್ಲ?” ಎಂದ.

“ಚಲೋ ಐತಪಾ” ಎಂದೆ. ಜನ್ಮವಿಡೀ ನಾನು ಎಲ್ಲದಕ್ಕೂ ಕೊಟ್ಟ ಉತ್ತರ ಅದೇ. ಆದರೆ ಮನಸ್ಸು ಒಪ್ಪಲಿಲ್ಲ. ಅವ್ವ ಬೇಡಿಕೊಂಡು ಉಳಿಸಿಕೊಂಡದ್ದು ಯಾವ ಉಮಾದೇವಿಯನ್ನೂ ಅಲ್ಲ. ಅವಳ ಹರಕೆಗೆ ಉಳಿದಿದ್ದ ಒಂದೇ ಸಾಕ್ಷಿ ಈ ಹೆಸರು. ನಾಳೆ ಕಲ್ಲಿನ ಮೇಲೆ ಅದೂ ಇರುವುದಿಲ್ಲ.

ಅಂದು ಮಧ್ಯಾಹ್ನ ಮಂಚದ ಮೇಲೆ ಅರೆನಿದ್ದೆಯಲ್ಲಿದ್ದೆ. ಪಕ್ಕದಲ್ಲಿ ನಿಮ್ಮ ಅಶ್ವಿನಿ ಅಕ್ಕ, ಬಸವರಾಜನ ಮಗಳು, ಕಾಲೇಜಿನ ಪಾಠಕ್ಕೆಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಹುಟ್ಟಿಸುತ್ತಿದ್ದಳು. ಅದಕ್ಕೆ ಮೈಯಿಲ್ಲವಂತೆ, ಹೆಸರು ಮಾತ್ರ ಇರುತ್ತದಂತೆ. ಕನಸಿನೊಳಗಿನ ಕನಸು ಇದ್ದಂತೆ ಎಂದುಕೊಂಡು ಕಣ್ಣು ಮುಚ್ಚುವಷ್ಟರಲ್ಲಿ ಅವಳು “ಥೂ, ಇದರ!” ಎಂದಳು.

“ಏನಾತ?”

“ಇದಕ್ಕ ನನ್ನ ಹೆಸರ ಇಟ್ಟೆ ಅಜ್ಜಿ. ಅಶ್ವಿನಿ ಅಂತ ಇಂಗ್ಲಿಷಿನಾಗ ಬರದ್ರ ನಡುವ ‘ವಿನ್’ ಅಂತ ಬರ್ತೈತಿ. ಅಷ್ಟು ನೋಡಿ ಇದು ವಿಂಡೋಸ್ ಅಂತ ತಿಳ್ಕೊಂಡು ಎಲ್ಲಾ ಅದಕ್ಕ ತಕ್ಕಂಗ ಹೊಂದಿಸಿಬಿಟ್ಟೈತಿ. ನಾ ಹಾಕಾಕ ಹೊಂಟಿದ್ದು ಲಿನಕ್ಸ್, ಅದು ಬ್ಯಾರೆನ. ಅದು ಏಳವಲ್ದು!”

“ವಿಂಡೋಸ್ ಅಂದ್ರ?”

“ಕಿಟಕಿ.”

“ಅಯ್ಯ, ನಿನ್ನ ಹೆಸರಾಗ ಕಿಟಕಿ ಐತಿ ಅಂತ ನಿಮ್ಮಪ್ಪಗೂ ಗೊತ್ತಿಲ್ಲ ಬಿಡು. ಹಂಗಾರ ಹೆಸರು ಬದ್ಲಿಸಿಬಿಡು.”

ಅಶ್ವಿನಿ ನನ್ನ ಕಡೆ ತಿರುಗಿದಳು. “ಯಾಕ ಬದ್ಲಿಸ್ಲಿ? ಹೆಸರು ಸರಿ ಐತಿ, ಅದರ ಊಹೆ ತಪ್ಪೈತಿ. ಊಹೆ ತಿದ್ದಿದ್ರ ಸಾಕು.”

ಎಲ್ಲೋ ಏನೋ ಒತ್ತಿದಳು. ಹೆಸರು ಮೇಲೆ ಹಾಗೇ ಇತ್ತು. ಕೆಳಗಿನದನ್ನು ಒಂದೊಂದಾಗಿ ಸರಿಪಡಿಸಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು, ಇರುವೆಗಳು ಗೂಡಿನಿಂದ ಎದ್ದಂತೆ, ಏಳತೊಡಗಿದವು. ನನ್ನ ನಿದ್ದೆ ಹಾರಿಹೋಗಿತ್ತು.

ಮರುದಿನ ಕಲ್ಲು ಕೆತ್ತುವವನು ಬಂದು, “ಹೆಸರು ಹೇಳ್ರಿ” ಎಂದ. ಬಸವರಾಜ ಬಾಯಿ ತೆರೆಯುವ ಮೊದಲೇ ಬಾಗಿಲ ಮರೆಯಿಂದ ಒಂದು ದನಿ ಬಂತು. ಅದು ನನ್ನದೇ ಎಂದು ತಿಳಿಯಲು ನನಗೂ ತುಸು ಹೊತ್ತು ಬೇಕಾಯಿತು.

“ಹುಸೇನಮ್ಮ ಅಂತ ಬರಿಯಪಾ.”

“ಅವ್ವಾ, ಮಂದಿ…”

“ಮಂದಿ ಕೇಳಿದ್ರ ನಾ ಹೇಳ್ತೀನಿ.”

ಪರರೆದುರು ಉಸಿರೆತ್ತದ ನಾನು ಹೀಗೆಂದದ್ದು ಕೇಳಿ ಬಸವರಾಜ ಬಾಗಿಲ ಕಡೆ ತಿರುಗಿ ನೋಡಿದ. ಕೆತ್ತುವವನು ನನ್ನ ಹಣೆಯ ವಿಭೂತಿ ನೋಡಿದ, ಕಲ್ಲು ನೋಡಿದ, ತಲೆ ಕೆರೆದುಕೊಂಡ.

“ಕೆಳಗ ಉರ್ದುದಾಗೂ ಬರೀಬೇಕೇನ್ರಿ, ಅಮ್ಮಾ?”

ಒಳಗಿನಿಂದ ಅಶ್ವಿನಿ ಗೊಳ್ಳೆಂದು ನಕ್ಕಳು. ಬಸವರಾಜನೂ ತಡೆಯಲಾರದೆ ನಕ್ಕುಬಿಟ್ಟ. ನಾನು ಸೆರಗು ಸರಿಮಾಡಿಕೊಂಡು ಹೊಸಿಲು ದಾಟಿ ಹೊರಗೆ ಬಂದೆ.

“ಬ್ಯಾಡಪಾ, ಕನ್ನಡದಾಗ ಸಾಕು. ಕುಂದ್ರು, ಚಾ ಕುಡಿ. ನಮ್ಮವ್ವ ನನಗ ಈ ಹೆಸರು ಯಾಕ ಇಟ್ಲು ಅಂತ ಹೇಳ್ತೀನಿ.”

ಅವನು ಉಳಿಯನ್ನು ಕೆಳಗಿಟ್ಟು ಕುಳಿತ.