ಮುತ್ತಜ್ಜಿಯ ಎಲೆಗೆ ಬಸ್ ಟಿಕೆಟು

ಕಾಪುವಿನ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ತೀರಿಹೋದ ಹಿರಿಯರಿಗೆ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸುತ್ತೇವೆ. ಮುತ್ತಜ್ಜಿಯ ಎಲೆಗೆ ಮಾತ್ರ ಕೋಳಿಸಾರಿನ ಜೊತೆ ಕಾರ್ಕಳದ ಬಸ್ ಟಿಕೆಟೂ ಆಗಬೇಕು. ಮೀನಿನ ಬುಟ್ಟಿಯೊಂದಿಗೆ ಕಾರ್ಕಳದ ಬಸ್ಸು ಹತ್ತಿದ ನಮ್ಮೂರಿನ ಮೊದಲ ಹೆಂಗಸು ಅವರು. ವಾಸನೆಯೆಂದು ಕಂಡಕ್ಟರ್ ಇಳಿಯಲು ಹೇಳಿದಾಗ, "ವಾಸನೆ ಆಗುವವರು ಇಳಿಯಲಿ, ನನಗೆ ಟಿಕೆಟ್ ಕೊಡು" ಎಂದರಂತೆ. ನಮ್ಮ ವಂಶದ ಚರಿತ್ರೆ ಆರಂಭವಾಗುವುದೇ ಈ ಮಹಾವಾಕ್ಯದಿಂದ.

ಈ ವರ್ಷ ಕೈ ನಡುಗುವ ನನ್ನ ಅಕ್ಕ, ಬಡಿಸುವ ಅಧಿಕಾರವನ್ನು ಮಣಿಪಾಲದಲ್ಲಿ ನರ್ಸ್ ಆಗಿರುವ ನನ್ನ ಸೊಸೆಗೆ ಹಸ್ತಾಂತರಿಸಿದಳು. ಇವಳು ಟಿಕೆಟು ಮರೆತರೆ ಮುತ್ತಜ್ಜಿ ಬರೀ ಊಟಕ್ಕೆ ಬಂದವರಾಗುತ್ತಾರಲ್ಲ ಎಂದು ನನಗೆ ದಿಗಿಲು. ನೆನಪಿಸಲು ಕೆಮ್ಮಿದೆ.

"ನೀನು ಬಾಯಿ ಹಾಕಬೇಡ ಮಾರಾಯ" ಎಂದಳು ಅಕ್ಕ.

ಸೊಸೆ ಸಾರು ಬಡಿಸಿ, ಕೈ ತೊಳೆದು, ಪರ್ಸಿನಿಂದ ಟಿಕೆಟು ತೆಗೆದು ಎಲೆಯ ತುದಿಗಿಟ್ಟಳು. ರಜೆ ಹಾಕಿ ತಾನೇ ಕಾರ್ಕಳಕ್ಕೆ ಹೋಗಿ ತಂದದ್ದಂತೆ.

ಅಕ್ಕ ಕನ್ನಡಕ ಏರಿಸಿ ಪರಿಶೀಲಿಸಿದಳು. "ಇದು ಹೋಗುವುದು ಮಾತ್ರ ಅಲ್ವಾ? ಅಜ್ಜಿ ವಾಪಸ್ ಬರುವುದು ಹೇಗೆ?"

"ಬರುವುದೂ ಉಂಟು ಅತ್ತೆ" ಎಂದು ಸೊಸೆ ಇನ್ನೊಂದನ್ನೂ ತೆಗೆದಳು.

ಅಷ್ಟು ವರ್ಷ ಬಡಿಸಿದ ಅಕ್ಕನೂ ಒಮ್ಮೆಯೂ ಬರುವ ಟಿಕೆಟು ಇಟ್ಟದ್ದಿಲ್ಲ. ನಾನು ಎದೆಯುಬ್ಬಿಸಿ ಕೈಮುಗಿದೆ.