ಅನುಮಾನದ ಬುಟ್ಟಿಯ ಬಂಗಾರಮ್ಮ

ಬೆಳಗಿನ ಆರು ಗಂಟೆ. ರಿಪ್ಪನ್‌ಪೇಟೆಯ ಬಸ್ ನಿಲ್ದಾಣದಲ್ಲಿ ಸಾಗರದ ಮೊದಲ ಬಸ್ಸು ಇನ್ನೂ ಎಂಜಿನ್ ಬಿಸಿ ಮಾಡಿಕೊಳ್ಳುತ್ತಿದೆ. ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಉಪ್ಪಿನಕಾಯಿ ಘಟಕ. ಅದರ ಶಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ಹೋಗುತ್ತಾರೆ ಬಂಗಾರಮ್ಮ. ಬುತ್ತಿಯನ್ನು ಮೂಲೆಯಲ್ಲಿಟ್ಟು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಉಪ್ಪುನೀರಿನ ಡ್ರಮ್ಮುಗಳ ಸಾಲು ದಾಟಿ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕಂಪ್ಯೂಟರಿಗೆ ಕೈ ತೊಳೆಯುವುದು ಯಾಕೆ ಎಂದು ಕೇಳಿದೆ. "ಆರ್ಸಕ್ಕೆ ಕೂರೋ ಮೊದ್ಲು ಕೈ ತೊಳೀಬೇಕು. ಮಿಡಿ ಆದ್ರೂ ಅಷ್ಟೆ, ಮೇಲ್ ಆದ್ರೂ ಅಷ್ಟೆ" ಎಂದರು.

ನಿನ್ನೆ ಸಂಜೆಯಿಂದ ಬಂದಿರುವುದು ಮೂವತ್ತೊಂದು ಮೇಲ್. ಬಂಗಾರಮ್ಮನ ಬೆರಳು ಮೌಸಿನ ಮೇಲೆ, ಬಾಯಿ ತನ್ನ ಪಾಡಿಗೆ ತಾನು. "ಇದು ಲಾಟರಿ. ಇದು ಸಾಲ ಕೊಡ್ತೀನಿ ಅನ್ನೋನು. ಇದು ತೂಕ ಇಳ್ಸೋ ಮಾತ್ರೆ. ಉಪ್ಪಿನಕಾಯಿ ಮಾರೋರಿಗೆ ಇದೆಂತಕ್ಕೆ?" ಹನ್ನೆರಡು ನಿಮಿಷದಲ್ಲಿ ಇಪ್ಪತ್ತೇಳು ಕಸಕ್ಕೆ ಹೋದವು. ಮೂರು ನಿಜವಾದ ಗಿರಾಕಿಗಳದ್ದು. ಉಳಿದ ಒಂದನ್ನು ತೆರೆಯದೆ, ಅಳಿಸದೆ, 'ಅನುಮಾನ' ಎಂದು ಕನ್ನಡದಲ್ಲೇ ಹೆಸರಿಟ್ಟ ಬೇರೊಂದು ಕಡೆಗೆ ದಾಟಿಸಿದರು. ನನ್ನ ಮೇಲ್ ಪೆಟ್ಟಿಗೆಯಲ್ಲಿ ಓದದ ಹದಿನಾಲ್ಕು ಸಾವಿರ ಮೇಲ್ ಕೊಳೆಯುತ್ತಿರುವುದನ್ನು ನಾನು ಅವರಿಗೆ ಹೇಳಲಿಲ್ಲ. ಬರೆಯುವವನಿಗೂ ಸ್ವಲ್ಪ ಮಾನ ಇರುತ್ತದೆ.

ಬಂಗಾರಮ್ಮನಿಗೆ ಈಗ ಐವತ್ತನಾಲ್ಕು. ಗರ್ತಿಕೆರೆ ಕಡೆಯವರು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದೇ ಉಳಿದುಕೊಂಡಿತು; ಮೂರು ಸಲ ಕಟ್ಟಿ ಮೂರು ಸಲವೂ ಹೋಯಿತು. ಆಮೇಲೆ ಈ ಘಟಕಕ್ಕೆ ಬಂದು ಹತ್ತೊಂಬತ್ತು ವರ್ಷ ಮಾವಿನ ಮಿಡಿ ಆರಿಸಿದ್ದಾರೆ. ಕರೆತಂದವರು ತುಂಗಮ್ಮ, ಪಕ್ಕದ ಮನೆಯವರು. ಇಬ್ಬರೂ ಎದುರುಬದುರು ಕೂತು, ನಡುವೆ ಮೂರು ಬುಟ್ಟಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಒಂದು ಒಳ್ಳೆಯದಕ್ಕೆ, ಒಂದು ಕೆಟ್ಟದ್ದಕ್ಕೆ, ಮೂರನೆಯದು ಅನುಮಾನಕ್ಕೆ. ಮರದಿಂದ ಉದುರಿಸುವಾಗ ಪೆಟ್ಟು ತಿಂದ ಮಿಡಿ ಆ ಹೊತ್ತಿಗೆ ಚೆನ್ನಾಗಿಯೇ ಕಾಣುತ್ತದೆ. ಒಂದು ರಾತ್ರಿ ಇಟ್ಟರೆ ಮರುದಿನ ಕಪ್ಪು ಚುಕ್ಕೆ ಮೇಲೆ ಬರುತ್ತದೆ. ಅಂಥದ್ದೊಂದು ಒಳಗೆ ಸೇರಿದರೆ ಇಡೀ ಭರಣಿ ಹಾಳು. ಹಾಗೆಂದು ಅನುಮಾನದ್ದನ್ನೆಲ್ಲ ಎಸೆದರೆ ಒಳ್ಳೆಯ ಮಿಡಿಯೂ ಹೋಗುತ್ತದೆ.

ಈ ಮೂರು ಬುಟ್ಟಿ ಕಂಪ್ಯೂಟರಿನೊಳಗೆ ಹೋದ ಕತೆಗೆ ಘಟಕದ ಯಜಮಾನರಾದ ಹೂವಯ್ಯನವರ ಒಳ್ಳೆಯತನವೇ ಕಾರಣ. ಎಪ್ಪತ್ತೊಂದರ ಈ ಹಿರಿಯರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಂದ ನೆಂಟರಿಗೆ ಬೆಲ್ಲ ನೀರು, ಬಂದ ಕಾಗದಕ್ಕೆ ಉತ್ತರ. ಎರಡೂ ತಪ್ಪಬಾರದು. ಮೇಲ್ ಶುರುವಾದಾಗಲೂ ಅವರು ಪದ್ಧತಿ ಬಿಡಲಿಲ್ಲ. ಯಾವುದೋ ದೇಶದ ಹೆಂಗಸೊಬ್ಬಳು, ತನ್ನ ತಂದೆ ತೀರಿಕೊಂಡಿದ್ದಾನೆ, ಅವನ ಆಸ್ತಿಯಲ್ಲಿ ನಿಮಗೂ ಪಾಲು ಕೊಡುತ್ತೇನೆ ಎಂದು ಬರೆದಳು. ಅದು ಲಕ್ಷ ಜನಕ್ಕೆ ಹೋದ ಮೋಸದ ಓಲೆ. ಹೂವಯ್ಯನವರು ಮಾತ್ರ, "ನಿಮ್ಮ ತಂದೆಯವರು ಹೋದ ಸುದ್ದಿ ತಿಳಿದು ದುಃಖವಾಯಿತು. ಆಸ್ತಿ ಬೇಡ. ವಿಳಾಸ ಕೊಟ್ಟರೆ ಒಂದು ಬಾಟಲಿ ಉಪ್ಪಿನಕಾಯಿ ಕಳಿಸುತ್ತೇವೆ" ಎಂದು ಉತ್ತರ ಕೊಟ್ಟರು. ಈ ಕತೆ ಹೇಳುವಾಗ ಈಗಲೂ ಅವರ ಮುಖ ಕೆಂಪಾಗುತ್ತದೆ.

ಉತ್ತರ ಬಂತೆಂದರೆ ಈ ವಿಳಾಸದಲ್ಲಿ ಜೀವ ಇದೆ ಎಂದು ಕಳ್ಳರಿಗೆ ಗೊತ್ತಾಗುತ್ತದೆ. ಬೆಲ್ಲ ಇಟ್ಟಲ್ಲಿಗೆ ಇರುವೆ ಬರದೆ ಇರುತ್ತದೆಯೇ? ದಿನಕ್ಕೆ ಹತ್ತು ಬರುತ್ತಿದ್ದ ಮೇಲ್ ನೂರಾಯಿತು, ಮುನ್ನೂರಾಯಿತು. ಅಷ್ಟು ಸಾಲದೆ, ಯಾರೋ ಮೇಲ್ ತೆರೆಯುವ ಗುಟ್ಟಿನ ಪದ ಕದ್ದು, ಹೂವಯ್ಯನವರ ಹೆಸರಿನಲ್ಲೇ ಸಾವಿರಾರು ಜನರಿಗೆ ಕಸ ಕಳಿಸಿದರು. ರಿಪ್ಪನ್‌ಪೇಟೆಯ ಗೌರವಸ್ಥರೊಬ್ಬರು ಎರಡು ದಿನ ಜಗತ್ತಿಗೆಲ್ಲ ಕೂದಲು ಬೆಳೆಸುವ ಎಣ್ಣೆ ಮಾರಿದರು, ಅವರಿಗೇ ತಿಳಿಯದ ಹಾಗೆ.

ನಗುವ ಕತೆ ಇಲ್ಲಿಗೆ ಮುಗಿಯುತ್ತದೆ. ನಾಲ್ಕು ವರ್ಷದ ಹಿಂದಿನ ಮಾರ್ಚಿನಲ್ಲಿ ಪುಣೆಯಿಂದ ಒಂದು ಮೇಲ್ ಬಂತು. ಅಲ್ಲಿ ಹನ್ನೆರಡು ಕ್ಯಾಂಟೀನ್ ನಡೆಸುವ ಒಂದು ಸಂಸ್ಥೆ ಪ್ರತಿ ವರ್ಷ ಈ ಘಟಕದ ಅರ್ಧದಷ್ಟು ಮಾಲನ್ನು ಕೊಳ್ಳುತ್ತಿತ್ತು. ಈ ಸಲವೂ ಅಷ್ಟೇ ಬೇಕು, ಒಪ್ಪಿಗೆ ತಿಳಿಸಿ ಎಂದು ಬರೆದಿದ್ದರು. ಅದು ಸಾವಿರಾರು ಕಸದ ಮೇಲ್‌ಗಳ ನಡುವೆ ಹತ್ತೊಂಬತ್ತು ದಿನ ಹೂತುಹೋಯಿತು. ಹೂವಯ್ಯನವರ ಕಣ್ಣಿಗೆ ಬೀಳುವಷ್ಟರಲ್ಲಿ ಮರದ ಮೇಲಿನ ಮಿಡಿಗೆ ಗೊರಟೆ ಕಟ್ಟಿತ್ತು. ಗೊರಟೆ ಕಟ್ಟಿದ ಮಿಡಿ ಉಪ್ಪಿನಕಾಯಿಗೆ ಬರುವುದಿಲ್ಲ. ಪುಣೆಯವರು ಬೇರೆ ಕಡೆ ಕೊಂಡರು. ಹನ್ನೊಂದು ಹೆಂಗಸರಿದ್ದ ಘಟಕದಲ್ಲಿ ನಾಲ್ವರಿಗೆ ಮಾತ್ರ ಕೆಲಸ ಉಳಿಯಿತು. ಕೆಲಸ ಹೋದವರಲ್ಲಿ ತುಂಗಮ್ಮನೂ ಒಬ್ಬರು. ಅವರು ತೀರ್ಥಹಳ್ಳಿಯ ಒಂದು ಹೋಟೆಲಿಗೆ ಪಾತ್ರೆ ತೊಳೆಯಲು ಹೋದರು.

"ತಪ್ಪು ನಂದು" ಎನ್ನುತ್ತಾರೆ ಹೂವಯ್ಯ, ಸುತ್ತುಬಳಸಿಲ್ಲದೆ. "ಊರಿನ್ ಕಳ್ರಿಗೆಲ್ಲ ಉತ್ತರ ಬರ್ದೆ. ಅನ್ನ ಕೊಡೋರಿಗೆ ಬರೀಲಿಲ್ಲ."

ಅವರು ಶಿವಮೊಗ್ಗದಿಂದ ಒಬ್ಬರನ್ನು ಕರೆಸಿ ಮೇಲ್‌ಗೆ ಜರಡಿ ಹಾಕಿಸಿದರು. ಜರಡಿ ಎಷ್ಟು ಬಿಗಿಯಾಯಿತೆಂದರೆ ಕಸದ ಜೊತೆ ಗಿರಾಕಿಗಳೂ ಹೋದರು. ಸಾಗರದ ಅಂಗಡಿಯವರೊಬ್ಬರು ಫೋನ್ ಮಾಡಿ ಬೈದ ದಿನ ಬಂಗಾರಮ್ಮ ಬಾಟಲಿಗೆ ಲೇಬಲ್ ಅಂಟಿಸುತ್ತ ಕೂತಿದ್ದರು. "ಜರಡಿ ಎಂತ ಮಾಡ್ತದೆ, ಗಾತ್ರ ನೋಡ್ತದೆ ಅಷ್ಟೆ. ಆರ್ಸೋದು ಕಣ್ಣು. ನಂಗೆ ಕಲ್ಸಿ, ನಾನು ನೋಡ್ತೀನಿ ಅಂದೆ" ಎಂದು ನೆನಪಿಸಿಕೊಳ್ಳುತ್ತಾರೆ. ಘಟಕದಲ್ಲಿ ಒಬ್ಬಿಬ್ಬರು ನಕ್ಕರಂತೆ. ಇಂಗ್ಲಿಷಿನಲ್ಲಿ ಮೂರು ಸಲ ಬಿದ್ದವಳು ಇಂಗ್ಲಿಷ್ ಮೇಲ್ ನೋಡುವುದೇ ಎಂದು.

ಬಂಗಾರಮ್ಮ ಎರಡು ತಿಂಗಳು ಪ್ರತಿ ಶನಿವಾರ ಬಸ್ ಹತ್ತಿ ಸಾಗರಕ್ಕೆ ಹೋದರು. ಅಲ್ಲಿ ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವ ಸ್ವಾತಿ ಅವರಿಗೆ ಗುರು. "ನಾನು ಹೇಳಿದ್ದನ್ನು ಅವರು ಬರೆದುಕೊಳ್ಳುತ್ತಲೇ ಇರಲಿಲ್ಲ. ಎಲ್ಲದಕ್ಕೂ ಮಿಡಿಯ ಲೆಕ್ಕದಲ್ಲಿ ಒಂದು ಗುರುತು ಮಾಡಿಕೊಳ್ಳುತ್ತಿದ್ದರು" ಎಂದು ಸ್ವಾತಿ ನೆನೆಯುತ್ತಾರೆ. ಮಿಡಿಯಲ್ಲಿ ಮೊದಲು ನೋಡುವುದು ತೊಟ್ಟು. ಮೇಲ್‌ನಲ್ಲಿ ತೊಟ್ಟು ಎಂದರೆ ಕಳಿಸಿದವರ ವಿಳಾಸ. ಹೆಸರು ಬ್ಯಾಂಕಿನದು, ವಿಳಾಸ ಅಡ್ಡಾದಿಡ್ಡಿ ಅಕ್ಷರದ್ದು ಎಂದಾದರೆ ತೊಟ್ಟು ಕೊಳೆತಿದೆ ಎಂದರ್ಥ. ಒಳಗಿನ ಮಾತು ಎಷ್ಟು ಸಿಹಿ ಇದ್ದರೂ ಓದುವ ಅಗತ್ಯವಿಲ್ಲ.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿದರು. ಕಸಕ್ಕೆ ಉತ್ತರ ಬರೆಯುವುದನ್ನು ಹೂವಯ್ಯನವರಿಂದ ಬಿಡಿಸಿದ್ದು ಮೊದಲ ಕೆಲಸ, ಬೀಡಿ ಬಿಡಿಸುವುದಕ್ಕಿಂತ ಕಷ್ಟವಾಯಿತಂತೆ. ಕಸವನ್ನು ಸುಮ್ಮನೆ ಅಳಿಸದೆ, ಇದು ಕಸ ಎಂದು ಗುರುತು ಹಾಕಿಯೇ ಕಳಿಸಿದರು. ಹಾಗೆ ಮಾಡಿದರೆ ಕಂಪ್ಯೂಟರಿಗೂ ಬುದ್ಧಿ ಬರುತ್ತದೆ. ಗೊತ್ತಿರುವ ಕಂಪನಿಗಳ ಜಾಹೀರಾತಾದರೆ, ನಮ್ಮ ಹೆಸರು ತೆಗೆಯಿರಿ ಎಂದು ಅದರ ಅಡಿಯಲ್ಲಿರುವ ಗುಂಡಿ ಒತ್ತುತ್ತಾರೆ. ಗೊತ್ತಿಲ್ಲದವರ ಗುಂಡಿಯನ್ನು ಮುಟ್ಟುವುದಿಲ್ಲ. ಪ್ರತಿ ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುತ್ತಿದ್ದ ಮೇಲ್ ವಿಳಾಸವನ್ನು ತೆಗೆಸಿ ಫೋನ್ ನಂಬರ್ ಹಾಕಿಸಿದರು.

ನನಗೆ ಬಹಳ ಇಷ್ಟವಾದದ್ದು ಚೀಟಿಯ ಉಪಾಯ. ಗಿರಾಕಿಗಳಿಗೆ ಹೋಗುವ ಪ್ರತಿ ಪೆಟ್ಟಿಗೆಯೊಳಗೆ ಒಂದು ಸಣ್ಣ ಚೀಟಿ ಇರುತ್ತದೆ. 'ನಮಗೆ ಮೇಲ್ ಬರೆಯುವಾಗ ವಿಷಯದ ಜಾಗದಲ್ಲಿ ಜೀರಿಗೆ ಎಂದು ಕನ್ನಡದಲ್ಲಿ ಬರೆಯಿರಿ.' ಜೀರಿಗೆ ಎಂಬುದು ಒಂದು ಜಾತಿಯ ಮಿಡಿ, ಕಡಿದರೆ ಜೀರಿಗೆಯ ಪರಿಮಳ. ಆ ಮಾತಿರುವ ಮೇಲ್ ನೇರವಾಗಿ ಒಳ್ಳೆಯ ಬುಟ್ಟಿಗೆ ಬೀಳುತ್ತದೆ. "ಲಾಟರಿಯವ್ನಿಗೆ ಜೀರಿಗೆ ಮಿಡಿ ಗೊತ್ತಿರಲ್ಲ" ಎನ್ನುತ್ತಾರೆ ಬಂಗಾರಮ್ಮ. ಮುನ್ನೂರ ನಲವತ್ತಕ್ಕೆ ಏರಿದ್ದ ದಿನದ ಮೇಲ್ ಈಗ ಮೂವತ್ತರ ಆಸುಪಾಸಿಗೆ ಇಳಿದಿದೆ.

ಕಳ್ಳರೂ ಸುಮ್ಮನೆ ಕೂತಿಲ್ಲ. ಹೋದ ವರ್ಷ ಹೂವಯ್ಯನವರ ಹೆಸರಿನಲ್ಲೇ ಒಂದು ಮೇಲ್ ಬಂತು. 'ನಾನು ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ, ತುರ್ತಾಗಿ ಗಿಫ್ಟ್ ಕಾರ್ಡ್ ಕೊಂಡು ನಂಬರ್ ಕಳಿಸಿ.' ಬಂಗಾರಮ್ಮ ಎದ್ದು ಹೊರಗೆ ಬಂದು ನೋಡಿದರು. ಹೂವಯ್ಯನವರು ಜಗಲಿಯಲ್ಲಿ ನಾಯಿಯ ಕಿವಿಯಿಂದ ಉಣ್ಣಿ ಹೆಕ್ಕುತ್ತಿದ್ದರು. "ಮೀಟಿಂಗ್ ಮುಗೀತಾ?" ಎಂದು ಕೇಳಿ ಒಳಗೆ ಹೋದರಂತೆ.

ಇಷ್ಟೆಲ್ಲ ಮಾಡಿದರೂ ಮೂರು ವರ್ಷ ಬಂಗಾರಮ್ಮನಿಗೆ ಸಮಾಧಾನವಿರಲಿಲ್ಲ. ಪೆಟ್ಟಿಗೆ ಚೊಕ್ಕಟವಾಯಿತು, ಪುಣೆಯವರು ಬರಲಿಲ್ಲ; ಅವರು ಬರದೆ ತುಂಗಮ್ಮನಿಗೆ ಕೆಲಸವಿಲ್ಲ. ಕ್ಷಮೆ ಕೇಳಿ ಐದು ಮೇಲ್ ಬರೆದರು, ಒಂದಕ್ಕೂ ಉತ್ತರವಿಲ್ಲ. ಗೊತ್ತಿದ್ದ ಒಂದೇ ಫೋನ್ ನಂಬರ್ ಹಳೆಯ ವ್ಯವಸ್ಥಾಪಕರದು. ಅವರು ನಿವೃತ್ತರಾಗಿ ನಂಬರ್ ಸತ್ತಿತ್ತು. ಪುಣೆಯವರ ಸಿಟ್ಟು ಇಳಿದಿಲ್ಲ, ಬಿಟ್ಟುಬಿಡು ಎಂದರು ಹೂವಯ್ಯ. ಒಂದು ಬೆಳಿಗ್ಗೆ ಕಸದ ಪೆಟ್ಟಿಗೆ ನೋಡುತ್ತ ಕೂತಾಗ ಬಂಗಾರಮ್ಮನಿಗೆ ಹೊಳೆಯಿತು. ಹೂವಯ್ಯನವರ ಹೆಸರಿನಲ್ಲಿ ಊರಿಗೆಲ್ಲ ಕಸ ಹೋಗಿತ್ತಲ್ಲ, ಈಗ ನಮ್ಮ ಮೇಲ್ ಹೋದಲ್ಲೆಲ್ಲ ಕಸದ ಪೆಟ್ಟಿಗೆಗೇ ಬೀಳುತ್ತಿರಬಹುದು. ಸ್ವಾತಿಯನ್ನು ಕೇಳಿದರು. ಹೌದು, ಹಾಗಾಗುತ್ತದೆ, ಒಮ್ಮೆ ಹೆಸರು ಕೆಟ್ಟರೆ ಸುಧಾರಿಸಲು ಬಹಳ ದಿನ ಬೇಕು ಎಂದರು ಸ್ವಾತಿ.

ಬಂಗಾರಮ್ಮ ಅಂಚೆ ಕಚೇರಿಗೆ ಹೋಗಿ ಒಂದು ಪೋಸ್ಟ್ ಕಾರ್ಡ್ ತಂದರು. ತಾವೇ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದರು. ತಿದ್ದಿಕೊಡುತ್ತೇನೆ ಎಂದ ಸ್ವಾತಿಗೆ ಬೇಡ ಎಂದರು. ಕನ್ನಡದಲ್ಲಿ ಹೇಳುವುದಾದರೆ ಅದರಲ್ಲಿದ್ದದ್ದು ಇಷ್ಟು: 'ದಯವಿಟ್ಟು ನಿಮ್ಮ ಕಸದ ಪೆಟ್ಟಿಗೆ ನೋಡಿ. ನಮ್ಮ ಕಾಗದ ಅಲ್ಲಿದೆ. ನಾವು ಕಸ ಅಲ್ಲ.' ಕಾರ್ಡಿನ ಮೂಲೆಯಲ್ಲಿ ಬಾಟಲಿಗೆ ಅಂಟಿಸುವ ಒಂದು ಲೇಬಲ್ ಅಂಟಿಸಿದರು.

ಹನ್ನೊಂದನೆಯ ದಿನ, ಕಳೆದ ಫೆಬ್ರುವರಿಯಲ್ಲಿ, ಕಸದ ಪೆಟ್ಟಿಗೆಯಲ್ಲಿ ಒಂದು ಮೇಲ್ ಸಿಕ್ಕಿತು. ಗುರುತಿಲ್ಲದ ಹೆಸರು, ಜೀರಿಗೆ ಎಂಬ ಮಾತಿಲ್ಲ, ಜೊತೆಗೆ ಒಂದು ಕಡತ. ನಾವು ಪುಣೆಯವರು, ನಿಮ್ಮ ಕಾರ್ಡ್ ತಲುಪಿತು, ಆರ್ಡರ್ ಕಳಿಸಿದ್ದೇವೆ ಎಂದಿತ್ತು. ಹೂವಯ್ಯನವರು ಕುರ್ಚಿಯಿಂದ ಎದ್ದೇಬಿಟ್ಟರು, ತೆಗಿ ತೆಗಿ ಎಂದರು. ಬಂಗಾರಮ್ಮ ತೆಗೆಯಲಿಲ್ಲ. ಅನುಮಾನದ ಬುಟ್ಟಿಗೆ ಹಾಕಿ, ಒಂದೇ ಸಾಲು ಬರೆದರು: ಕಾರ್ಡಿನ ಮೂಲೆಯಲ್ಲಿ ನಾನು ಏನು ಅಂಟಿಸಿದ್ದೆ ಹೇಳಿ.

"ಆಸೆ ಹೆಚ್ಚಾದಾಗ್ಲೇ ಮೋಸ ಹೋಗೋದು" ಎನ್ನುತ್ತಾರೆ. "ನಿಜ ಗಿರಾಕಿ ಆದ್ರೆ ಇನ್ನೊಂದ್ಸಲ ಬರೀತಾರೆ. ಊರಿಗ್ ಬಂದವ್ಳು ನೀರಿಗ್ ಬರ್ದೆ ಇರ್ತಾಳಾ? ಆದ್ರೆ ಹೇಳ್ತೀನಿ ಕೇಳಿ, ಆ ದಿನ ನಂಗೆ ಊಟ ಸೇರ್ಲಿಲ್ಲ."

ಮರುದಿನ ಬೆಳಿಗ್ಗೆ ಉತ್ತರ ಬಂದಿತ್ತು. 'ನಿಮ್ಮ ಲೇಬಲ್. ಹಸಿರು ಬಣ್ಣದ್ದು. ಐದು ಮೇಲ್‌ಗಳೂ ನಮ್ಮ ಕಸದಲ್ಲಿದ್ದವು.' ಆರ್ಡರ್ ಹಿಂದಿನಷ್ಟು ದೊಡ್ಡದಲ್ಲ, ಅರ್ಧ ಮಾತ್ರ. ಅಷ್ಟಕ್ಕೆ ಮೂವರು ಹೆಂಗಸರು ವಾಪಸು ಬಂದರು. ನಾನು ಹೋದ ದಿನ ತುಂಗಮ್ಮ ಬುಟ್ಟಿಗಳ ಮುಂದೆ ಕೂತಿದ್ದರು. "ಪಾತ್ರೆ ತೊಳ್ದು ತೊಳ್ದು ಕೈ ಚರ್ಮ ಎದ್ದೋಗಿತ್ತು. ಇಲ್ಲಿ ಉಪ್ಪು ಹತ್ತಿ ಉರೀತದೆ. ಉರೀಲಿ ಬಿಡಿ, ಇದು ನಮ್ ಕೆಲ್ಸ" ಎಂದರು.

ಇನ್ನೂ ನಾಲ್ವರು ಬರಬೇಕು. ಅದಕ್ಕೆ ಬಂಗಾರಮ್ಮ ಭಾನುವಾರವೂ ಶಟರ್ ಎತ್ತುತ್ತಾರೆ. ಹೊಸ ಗಿರಾಕಿಗೆ ಜೀರಿಗೆಯ ಗುಟ್ಟು ಗೊತ್ತಿರುವುದಿಲ್ಲ, ಅವನ ಮೇಲ್ ಕಸದಲ್ಲೇ ಬಿದ್ದಿರಬಹುದು ಎಂಬ ಲೆಕ್ಕ. ಹೊರಡುವ ಮುಂಚೆ, ನಿಮಗಾಗಿ ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಅವರು ಮೌಸನ್ನು ಬಟ್ಟೆಯಲ್ಲಿ ಒರೆಸಿ, ಪರದೆಯ ಮೇಲೆ ತೆರೆದಿದ್ದ ಮೇಲ್ ಮುಚ್ಚುತ್ತಿದ್ದರು.

"ನಂಗೆ ಎಂತ ಆಸೆ ಇದೆ? ನಮ್ ಕಾಗ್ದ ಇನ್ನೂ ಎಲ್ಲೆಲ್ಲಿ ಕಸದಲ್ಲಿ ಬಿದ್ದಿದ್ಯೋ. ಅಲ್ಲೂ ಒಬ್ಳು ಬೆಳಿಗ್ಗೆ ಎದ್ದು, ಕೈ ತೊಳ್ಕೊಂಡು, ಒಂದ್ಸಲ ನೋಡ್ಲಿ. ಅಷ್ಟೇ ಸಾಕು."