ನನ್ನ ಬೀಡಿ, ಯೋಹಾನನ ಹೆಸರು

ಮೊನ್ನೆ ಭಾನುವಾರ ನಮ್ಮ ಸೊಸೆ ಬೀರು ಖಾಲಿ ಮಾಡಲು ಕೂತಳು. ನನ್ನ ಸನ್ಮಾನದ ಶಾಲುಗಳು ಒಂದೊಂದಾಗಿ ಹೊರಬಂದು, ನುಸಿಗುಳಿಗೆಯ ವಾಸನೆ ಮನೆಯೆಲ್ಲ ಹರಡಿತು. ನೀವೂ ನನ್ನ ಹಾಗೆ ಊರೂರು ತಿರುಗಿ ಭಾಷಣ ಬಿಗಿಯುವವರಾಗಿದ್ದರೆ ನಿಮಗೆ ಗೊತ್ತಿರುತ್ತದೆ. ಸನ್ಮಾನದ ಶಾಲು ಚಳಿಗೆ ಸಾಲುವುದಿಲ್ಲ, ಒರೆಸಲು ಬರುವುದಿಲ್ಲ. ಯಾರಿಗಾದರೂ ಕೊಟ್ಟುಬಿಡೋಣ ಎಂದರೆ ಅವರ ಮನೆಯಲ್ಲೂ ನಾಲ್ಕು ಬಿದ್ದಿರುತ್ತವೆ.

"ಅಪ್ಪಾ, ಇದು ಗಡಹಿಂಗ್ಲಜದ್ದು. ಇದರ ಘಡಿನೂ ಬಿಚ್ಚಿಲ್ಲ ನೋಡ್ರಿ," ಎಂದು ಸೊಸೆ ಒಂದು ಶಾಲು ಎತ್ತಿ ತೋರಿಸಿದಳು.

ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡೆ. ಆ ಶಾಲಿನ ಮಡಿಕೆ ಯಾಕೆ ಬಿಚ್ಚಿಲ್ಲ ಎಂಬುದನ್ನು ಹೇಳಬೇಕಾದರೆ ನಾನು ಯಾವ ವಿಷಯದ ಮೇಲೆ ಭಾಷಣ ಮಾಡುತ್ತೇನೆಂದು ಮೊದಲು ಹೇಳಬೇಕು. ವ್ಯಸನಮುಕ್ತಿ. ಬೀಡಿ, ತಂಬಾಕು, ಸಾರಾಯಿ ಇವುಗಳಿಂದ ಮನೆ ಹೇಗೆ ಸುಟ್ಟುಹೋಗುತ್ತದೆ ಎಂದು ನಾನು ಕೈ ಎತ್ತಿ ಹೇಳಲು ಶುರು ಮಾಡಿದರೆ ಕೊಲ್ಹಾಪುರದಿಂದ ಕಾಗಲಿನವರೆಗೆ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಸುಡುವ ವಿಷಯ ನಾನು ಚೆನ್ನಾಗಿ ಹೇಳುತ್ತೇನೆ. ಅನುಭವವಿದೆ.

ನಾವು ಅಕಿವಾಟದ ಜೈನರು. ಮನೆಯಲ್ಲಿ ಕಬ್ಬು, ಬಸದಿ, ಸಂಜೆ ಹೊತ್ತು ಮುಳುಗುವ ಮೊದಲೇ ಊಟ. ಕಾಲೇಜು ಮುಗಿದ ಮೇಲೆ ಅವ್ವ ನನ್ನನ್ನು ಇಚಲಕರಂಜಿಗೆ, ತನ್ನ ದೂರದ ಅಣ್ಣನ ಮಗ್ಗದ ಕಾರಖಾನೆಗೆ ಸುಪರ್‌ವೈಜರ್ ಎಂದು ಕಳಿಸಿದಳು. ಅಲ್ಲಿ ನಾನು ಕಲಿತ ವಿದ್ಯೆ ಎರಡು. ಮಗ್ಗದ ಖಡಖಡದ ನಡುವೆ ತುಟಿ ನೋಡಿ ಮಾತು ತಿಳಿಯುವುದು, ಮತ್ತು ಬೀಡಿ ಸೇದುವುದು. ಮೊದಲನೆಯದಕ್ಕೆ ಗುರು ಯೋಹಾನ. ಎರಡನೆಯದನ್ನು ಸ್ವಂತ ಪರಿಶ್ರಮದಿಂದ ಕಲಿತೆ.

ಯೋಹಾನ ಅಲ್ಲಿ ಜಾಬರ್. ಕೆಟ್ಟ ಮಗ್ಗ ರಿಪೇರಿ ಮಾಡುವವನಿಗೆ ಅಲ್ಲಿ ಹಾಗೆ ಅನ್ನುತ್ತಾರೆ. ಗಡಹಿಂಗ್ಲಜದ ಕ್ರಿಶ್ಚಿಯನ್ನರ ಮನೆಯವನು, ನನಗಿಂತ ಏಳೆಂಟು ವರ್ಷ ದೊಡ್ಡವನು, ನನ್ನನ್ನು "ತಮ್ಮಾ" ಎಂದು ಕರೆಯುತ್ತಿದ್ದ. ಬೀಡಿ ಮುಟ್ಟುತ್ತಿರಲಿಲ್ಲ, ಅಡಿಕೆ ಚೂರು ಕೂಡ ಬಾಯಿಗೆ ಹಾಕುತ್ತಿರಲಿಲ್ಲ. ಮಗ್ಗದ ಕೆಳಗೆ ಮಲಗಿ ನಟ್ಟು ತಿರುಗಿಸುತ್ತಾ ತನ್ನ ಶಾಸ್ತ್ರದ ಕಥೆ ಹೇಳುತ್ತಿದ್ದ. ಏಸುವನ್ನು ಶಿಲುಬೆಗೆ ಹಾಕುವ ದಿನ ಜನರೆಲ್ಲ ಕೂಗಿ ಒಬ್ಬ ಕೈದಿಯನ್ನು ಬಿಡಿಸಿಕೊಂಡರಂತೆ. ತಪ್ಪು ಮಾಡಿದವನು ಮನೆಗೆ ಹೋದ, ಮಾಡದವನು ಮರಕ್ಕೆ ಹೋದ. "ಆ ಕೈದಿ ಮುಂದ ಏನಾದ?" ಎಂದು ನಾನು ಕೇಳಿದೆ. "ಅದನ್ನ ಬರದಿಲ್ಲೋ ತಮ್ಮಾ. ಆ ಪಾನಾ ಕೊಡಿಲ್ಲಿ," ಎಂದು ಸ್ಪ್ಯಾನರಿಗೆ ಕೈ ಚಾಚಿದ.

ಆ ಕೈದಿ ಮುಂದೆ ಏನಾಗಿರಬಹುದು ಎಂಬುದು ನನಗೆ ಈಗ ಚೆನ್ನಾಗಿ ಗೊತ್ತು. ಒಂದೆರಡು ಸಂಸ್ಥೆಗಳಿಗೆ ಅಧ್ಯಕ್ಷನಾಗಿರುತ್ತಾನೆ.

ಒಂದು ಶನಿವಾರ ಮಧ್ಯಾಹ್ನ ನೂಲಿನ ಗೋದಾಮಿನಲ್ಲಿ, ಗಂಟುಗಳ ಹಿಂದೆ ಕೂತು ನಾನು ಬೀಡಿ ಸೇದಿದೆ. ಚೂರು ಎಲ್ಲಿ ಒಗೆದೆನೋ ನೆನಪಿಲ್ಲ. ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ ಹೊಗೆ ಕಂಡಿತು. ಎಲ್ಲರೂ ಬಕೆಟ್ ಹಿಡಿದು ಓಡಿದರು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಆದರೆ ಗೋದಾಮು ಉಳಿಯಲಿಲ್ಲ. ಮಾಡಿನ ತಗಡುಗಳು ಬಾಗಿ ನೆಲಕ್ಕೆ ಕೂತವು. ಬಾಗಿಲ ಹತ್ತಿರ ನನ್ನ ಬೀಡಿಕಟ್ಟು ಮಾತ್ರ ಒದ್ದೆಯಾಗಿ, ಸುಖವಾಗಿ ಬಿದ್ದಿತ್ತು.

ಮಾಲೀಕ ಮಾಮಾ ಬಂದರು. ಕಟ್ಟನ್ನು ಎತ್ತಿ ಹಿಡಿದರು. "ಕೋಣಾಚೀ ಹೀ ಬಿಡೀ? ಯಾರದಿದು? ಯಾಂವ ಸೇದಿದಾಂವ?"

ಮುಂದಿನ ತಿಂಗಳು ನನ್ನ ಮದುವೆ. ಉದಗಾಂವದ ಹೆಣ್ಣು. ಬೀಗರು ಎಷ್ಟು ಕಟ್ಟುನಿಟ್ಟಿನವರೆಂದರೆ ನೆಲದೊಳಗೆ ಬೆಳೆಯುತ್ತದೆಂದು ಆಲೂಗಡ್ಡೆಯನ್ನೇ ಮನೆಗೆ ಬಿಟ್ಟುಕೊಳ್ಳದವರು. ಬೀಡಿ ಸೇದುವ ಅಳಿಯನನ್ನು ಬಿಟ್ಟುಕೊಳ್ಳುತ್ತಿದ್ದರೇ? ನನ್ನ ಮೊಣಕಾಲು ನಡುಗುತ್ತಿತ್ತು. ಪಕ್ಕದಲ್ಲಿದ್ದ ಯೋಹಾನ ನನ್ನ ಮೊಣಕಾಲು ನೋಡಿದ. ಆಮೇಲೆ ಒಂದು ಹೆಜ್ಜೆ ಮುಂದೆ ಹೋಗಿ, "ನಾನರಿ," ಅಂದ.

ಯೋಹಾನ ಬೀಡಿ ಸೇದುವವನಲ್ಲ ಎಂಬುದು ಮಾಮಾಗೆ ಗೊತ್ತಿತ್ತು. ಅವರು ಅವನನ್ನು ನೋಡಿದರು, ಒಂದು ಗಳಿಗೆ ನನ್ನನ್ನೂ ನೋಡಿದರು. ತಂಗಿಯ ಮಗ ಒಬ್ಬ, ಜಾಬರ್ ಒಬ್ಬ. ಆರಿಸಲು ಬಹಳ ಹೊತ್ತು ಹಿಡಿಯಲಿಲ್ಲ. "ನಾಳಿಂದ ಬರಬ್ಯಾಡ," ಎಂದು ಯೋಹಾನನಿಗೆ ಹೇಳಿ ಹೋದರು.

ಬೆಂಕಿ ಹಚ್ಚಿದ ಜಾಬರ್‌ಗೆ ಇಚಲಕರಂಜಿಯಲ್ಲಿ ಮತ್ತಾರೂ ಕೆಲಸ ಕೊಡಲಿಲ್ಲ. ಹೆಂಡತಿ ಮಾರ್ಥಾಳನ್ನೂ ಮಗಳು ರೂತಳನ್ನೂ ಕರೆದುಕೊಂಡು ಅವನು ಗಡಹಿಂಗ್ಲಜಕ್ಕೆ ಹೋದ ಎಂದು ನಾನು ಕೇಳಿದೆ. ಕೇಳಿ, ಮದುವೆಗೆ ಹೊಸ ಕೋಟು ಹೊಲಿಸಲು ಹೋದೆ.

ನನ್ನ ಮನಸ್ಸು ಚುಚ್ಚಲಿಲ್ಲವೇ ಎಂದು ನೀವು ಕೇಳಬಹುದು. ಚುಚ್ಚಿತು. ಅದಕ್ಕೂ ಒಂದು ಔಷಧ ಕಂಡುಹಿಡಿದೆ. ನಮ್ಮಲ್ಲಿ ಅವರವರ ಕರ್ಮವನ್ನು ಅವರವರೇ ಕಳೆದುಕೊಳ್ಳಬೇಕು. ನಡುವೆ ಯಾರೂ ಕೈಹಾಕಲು ಬರುವುದಿಲ್ಲ. ಯೋಹಾನನ ಧರ್ಮದಲ್ಲಿ ಆ ಸೌಕರ್ಯವಿದೆ. ಒಬ್ಬರ ಪಾಪವನ್ನು ಇನ್ನೊಬ್ಬರು ಹೊರಬಹುದು. ನಮ್ಮ ನಳಕ್ಕೆ ನೀರು ಬಾರದ ದಿನ ಪಕ್ಕದ ಮನೆಯ ನಳಕ್ಕೆ ಕೊಡ ಹಚ್ಚುತ್ತೇವಲ್ಲ, ಹಾಗೆ ನಾನು ನನ್ನ ಪಾಪವನ್ನು ಅಲ್ಲಿ ಹಚ್ಚಿ ಬಂದೆ. ಸರ್ವಧರ್ಮ ಸಮಭಾವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹೀಗೆ ಮೂವತ್ತು ವರ್ಷ ಕಳೆದವು. ಬೀಡಿ ಬಿಟ್ಟೆ, ಬೀಡಿ ಬಿಡಿಸುವವನಾದೆ, ಕೊಲ್ಹಾಪುರದಲ್ಲಿ ಮನೆ ಕಟ್ಟಿದೆ. ಹೋದ ವರ್ಷ ಗಡಹಿಂಗ್ಲಜದಿಂದ ಭಾಷಣಕ್ಕೆ ಕರೆ ಬಂತು.

ಸಭೆ ತುಂಬಿತ್ತು. ನಾನು ಎದ್ದು ನಿಂತು ಗಂಟಲು ಸರಿಪಡಿಸಿಕೊಂಡ ಕೂಡಲೇ ಮೈಕು ಕಿರ್ರೆಂದು ಸತ್ತಿತು. ಯಾರೋ ಮೆಕ್ಯಾನಿಕನನ್ನು ಕರೆಯಲು ಓಡಿದರು. ಬಂದವನು ತಲೆಯೆಲ್ಲ ಬೆಳ್ಳಗಾದ ಮುದುಕ, ಕೈಯಲ್ಲಿ ಸ್ಕ್ರೂಡ್ರೈವರ್. ಅವನು ಬಗ್ಗಿ ವೈರು ಜೋಡಿಸುವ ರೀತಿ ನೋಡಿಯೇ ನನಗೆ ಗುರುತು ಸಿಕ್ಕಿತು. ಮೈಕಿಗೆ ಬೆರಳಿನಿಂದ ತಟ್ಟಿ, ನನ್ನ ಕೈಗೆ ಕೊಟ್ಟು ಯೋಹಾನ ಹೇಳಿದ:

"ಮಾತಾಡ್ರಿ. ಈಗ ಎಲ್ಲಾರಿಗೂ ಕೇಳಸ್ತೈತಿ."

ಅವನು ಹಿಂದಿನ ಸಾಲಿನಲ್ಲಿ ಹೋಗಿ ಕೂತ. ನಾನೇನು ಮಾಡಿದೆ ಗೊತ್ತೇ? ಭಾಷಣ ಮಾಡಿದೆ. ಒಂದು ಬೀಡಿಚೂರು ಸಂಸಾರವನ್ನೇ ಹೇಗೆ ಸುಡುತ್ತದೆ ಎಂಬ ಭಾಗವನ್ನು ಕೂಡ ಬಿಡಲಿಲ್ಲ. ಚಪ್ಪಾಳೆ ಬಿತ್ತು, ಶಾಲು ಬಿತ್ತು. ನೋಡಿದರೆ ಯೋಹಾನ ಎದ್ದು ಹೋಗಿದ್ದ.

ಮನೆ ಕೇಳಿಕೊಂಡು ಹೋದೆ. ಮಾರ್ಥಾ ವೈನಿ (ಅಣ್ಣನ ಹೆಂಡತಿಗೆ ನಮ್ಮಲ್ಲಿ ಹಾಗೆ ಅನ್ನುತ್ತೇವೆ) ಬಾಗಿಲು ತೆಗೆದರು, ಗುರುತು ಹಿಡಿದರು, ಒಳಗೆ ಹೋಗಿ ಚಹಾ ಮಾಡಿ ತಂದರು. ಯೋಹಾನ ಎದುರಿಗೆ ಕೂತ. ಸುಮ್ಮನಿರಲಾರದ ನನ್ನ ಬಾಯಿ ಅಲ್ಲಿಯೂ ಭಾಷಣ ಶುರು ಮಾಡಿತು: "ಯೋಹಾನಣ್ಣಾ, ನೀವು ನನ್ನ ಸಲುವಾಗಿ ಶಿಲುಬಿ ಹೊತ್ತ್ರಿ. ನಿಮ್ಮ ಏಸುಸ್ವಾಮಿ ಮಾಡಿದಂಗ—"

"ಶಿಲುಬಿ ಗಿಲುಬಿ ಏನಿಲ್ಲರಿ," ಎಂದು ಯೋಹಾನ ನಡುವೆಯೇ ತಡೆದ. ಹಿಂದೆ "ನೀ" ಅನ್ನುತ್ತಿದ್ದವನು ಈಗ "ನೀವು" ಅನ್ನುತ್ತಿದ್ದ. ಅದು ಮರ್ಯಾದೆಯಲ್ಲ ಎಂಬುದು ನನಗೆ ತಿಳಿಯಿತು. "ಅವತ್ತ ನೀವು ನಡಗಾಕತ್ತಿದ್ರಿ. ಒಂದ ದಿನ ಸುಧಾರಿಸ್ಕೊಳ್ಳಲಿ, ನಾಳೆ ಮುಂಜಾನೆ ತಾನ ಹೋಗಿ ಹೇಳ್ತಾನ ಅಂತ ತಿಳಕೊಂಡಿದ್ನಿ. ರವಿವಾರ ಕಾದ್ನಿ. ಸೋಮವಾರ ಕಾದ್ನಿ. ಮಂಗಳವಾರನೂ ಕಾದ್ನಿ. ಬುಧವಾರ ಸಾಮಾನ ಕಟ್ಟಿದ್ವಿ."

ಮೂವತ್ತು ವರ್ಷ ನಾನು ತ್ಯಾಗ ಎಂದು ಪೂಜೆ ಮಾಡಿದ್ದು ಬರೀ ಒಂದು ದಿನದ ಸವಲತ್ತಾಗಿತ್ತು.

"ನನಗ ಕ್ಷಮಾ ಮಾಡ್ರಿ," ಅಂದೆ.

"ಅವರು ಎಂದೋ ಮಾಡ್ಯಾರ," ಎಂದು ಮಾರ್ಥಾ ವೈನಿ ಮೊದಲ ಸಲ ಬಾಯಿಬಿಟ್ಟರು. "ನಾ ಮಾಡಿಲ್ಲ. ಅಲ್ಲರಿ, ಇದನ್ನ ಹೇಳಾಕ ನಮ್ಮ ಮನಿಗ್ಯಾಕ ಬಂದ್ರಿ? ನಮಗ ಗೊತ್ತಿದ್ದ ಮಾತ ನಮಗ ಹೇಳಿದ್ರ ಏನ ಬಂತು? ಗೊತ್ತಿಲ್ಲದವರ ಕಡೆ ಹೋಗಿ ಹೇಳ್ರಿ. ನಿಮಗ ಮಾತಾಡಾಕ ಭಾಳ ಚಲೋ ಬರತೈತಿ."

ಮನೆಗೆ ಬಂದು ಮೊದಲು ಹೆಂಡತಿಗೆ ಹೇಳಿದೆ. ಆಕೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಬೀಡಿ ವಾಸನಿ ನೀವು ಹೆಣ್ಣು ನೋಡಾಕ ಬಂದ ದಿನಾನ ಗುರತ ಹಿಡದಿದ್ನಿ. ನಮ್ಮಪ್ಪಾನೂ ಕದ್ದು ಸೇದತಿದ್ದ." ನನಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಆಕೆ ಈಳಿಗೆ ಮಡಚಿ, "ಆದ್ರ ತಪ್ಪ ಇನ್ನೊಬ್ಬರ ಹೆಸರ ಮ್ಯಾಲ ಹಾಕಿ ನನ್ನ ಲಗ್ನ ಆದ್ರಿ ಅಂತ ಗೊತ್ತಿರಲಿಲ್ಲ," ಎಂದು ಎದ್ದು ಹೋದಳು.

ಆಮೇಲೆ ಒಂದು ಭಾನುವಾರ ಗಡಹಿಂಗ್ಲಜದ ಚರ್ಚಿಗೆ ಹೋದೆ. ಆರಾಧನೆ ಮುಗಿದ ಮೇಲೆ ನಾಲ್ಕು ಮಾತು ಹೇಳಬೇಕೆಂದು ಪಾದ್ರಿಯನ್ನು ಕೇಳಿಕೊಂಡೆ. ನಾನೂ ಅವರ ದೇವರನ್ನು ಕಂಡುಕೊಂಡೆನೆಂದು ಜನ ತಿಳಿದರು. "ಬೀಡಿ ಸೇದಿದವನು ನಾನು," ಅಂದೆ. ಮುಂದೆ ಕೂತ ಒಬ್ಬ ಅಜ್ಜ ಖುಷಿಯಿಂದ "ಹಲ್ಲೆಲೂಯಾ!" ಅಂದ. "ಗೋದಾಮು ಸುಟ್ಟವನು ನಾನು," ಅಂದೆ. ಅಜ್ಜ ಮತ್ತೊಮ್ಮೆ ಅಂದ. "ಅದನ್ನು ನಿಮ್ಮ ಯೋಹಾನ ತನ್ನ ಮೇಲೆ ಹಾಕಿಕೊಂಡ. ನಾನು ಮೂವತ್ತು ವರ್ಷ ಬಾಯಿ ಬಿಡಲಿಲ್ಲ." ಆಗ ಅಜ್ಜನೂ ಸುಮ್ಮನಾದ. ಎಲ್ಲರೂ ಹಿಂದಿನ ಬೆಂಚಿನ ಕಡೆ ತಿರುಗಿದರು. ಯೋಹಾನ ತನ್ನ ಪಾದ ನೋಡುತ್ತಿದ್ದ. ಮಾರ್ಥಾ ವೈನಿ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ, ನೇರವಾಗಿ ನೋಡಿದರು.

ಹೊರಗೆ ಬಂದಾಗ ವೈನಿ ನನ್ನ ಹತ್ತಿರ ನಿಂತರು. "ನಮ್ಮ ಮಗಳು ರೂತಗ ಹೇಳಿಲ್ಲಲಾ ನೀವು. ಕೊಲ್ಹಾಪುರದಾಗ ಅದಾಳ, ದವಾಖಾನ್ಯಾಗ ನರ್ಸ್. ನಾ ಹೇಳಿದ್ರ ಗಂಡನ ಪರ ಮಾತಾಡ್ತಿ ಅಂತಾಳ. ಅವರಪ್ಪನ್ನ ಕೇಳಿದ್ರ ಹೌದೂ ಅನ್ನೂದಿಲ್ಲ, ಅಲ್ಲಾನೂ ಅನ್ನೂದಿಲ್ಲ."

ಒಂದು ಚರ್ಚಿನ ಮುಂದೆ ಮಾತಾಡಿದವನಿಗೆ ಒಬ್ಬ ಹೆಣ್ಣುಮಗಳ ಮುಂದೆ ಮಾತಾಡಲು ಧೈರ್ಯವಾಗಲಿಲ್ಲ. ಇಂದು ನಾಳೆ ಎನ್ನುತ್ತಾ ತಿಂಗಳುಗಟ್ಟಲೆ ತಳ್ಳಿದೆ. ಇತ್ತ ನಾನು ಧರ್ಮ ಬದಲಿಸಿದೆನೆಂದು ಊರಲ್ಲಿ ಸುದ್ದಿ ಹಬ್ಬಿ, ಭಾಷಣದ ಕರೆಗಳು ತಾವಾಗಿಯೇ ನಿಂತವು. ಸುಟ್ಟದ್ದು, ಮುಚ್ಚಿಟ್ಟದ್ದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಹೇಳಿದ್ದು ಮಾತ್ರ ಎಲ್ಲರಿಗೂ ಮುಜುಗರ ತಂದಿತು.

ಮೊನ್ನೆ ಆ ಶಾಲು ಕಂಡ ಮೇಲೆ ಇನ್ನು ತಳ್ಳಲು ಆಗಲಿಲ್ಲ. ನಿನ್ನೆ ಸಂಜೆ ರೂತಳ ಮನೆಗೆ ಹೋದೆ. ನಲವತ್ತರ ಹತ್ತಿರದ ಹೆಂಗಸು, ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು. ಮುನ್ನುಡಿಯಿಲ್ಲದೆ, ಕೈ ಎತ್ತದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಸಾಲ್ಯಾಗ ಎಲ್ಲಾರೂ ಬೆಂಕಿ ಹಚ್ಚಿದಾಂವನ ಮಗಳು ಅಂತಿದ್ರು," ಅಂದಳು. "ನಮ್ಮಪ್ಪಾ ಬೀಡಿನ ಸೇದೂದಿಲ್ಲ ಅಂದ್ನಿ. ಸುಳ್ಳು ಹೇಳ್ತಿ ಅಂತ ಟೀಚರ್‌ಬಾಯಿ ಹೊರಗ ನಿಲ್ಲಿಸಿದ್ರು. ಆಮ್ಯಾಲ ನನಗೂ ಸಂಶಯ ಬಂತು. ಅಪ್ಪಾ ಮಲಗಿದಾಗ ಅವರ ಅಂಗಿ ಮೂಸಿ ನೋಡತಿದ್ನಿ. ಎಷ್ಟೋ ವರ್ಷ ನೋಡಿನಿ, ಕಾಕಾ."

ಫೋನು ತೆಗೆದು ಗಡಹಿಂಗ್ಲಜಕ್ಕೆ ಹಚ್ಚಿದಳು. ನನಗೂ ಕೇಳಿಸುವ ಹಾಗೆ ಟೇಬಲ್ಲಿನ ಮೇಲಿಟ್ಟಳು.

"ಅಪ್ಪಾ, ನೀವು ಬೀಡಿ ಸೇದತಿದ್ರೇನ್ರಿ?"

"ಊಟ ಆತೇನವ್ವಾ?" ಎಂದು ಆ ಕಡೆಯಿಂದ ಯೋಹಾನ ಮಾತು ತೇಲಿಸಿದ.

"ಕಾಕಾ ಇಲ್ಲೇ ಕುಂತಾರ. ಎಲ್ಲಾ ಹೇಳ್ಯಾರ."

"ಅವರ ಬಾಯಿಂದನ ಹೇಳಿದ್ರೇನವ್ವಾ?"

"ಹೌದ್ರಿ."

"ಹಂಗಾದ್ರ ಹೇಳ್ತೇನಿ," ಅಂದ ಯೋಹಾನ. "ಇಲ್ಲವ್ವಾ. ನಾ ಎಂದೂ ಸೇದಿಲ್ಲ."

ರೂತ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಎದ್ದು ಚಪ್ಪಲಿ ಮೆಟ್ಟಿದೆ. ಅವಳು ಕೂಡ್ರಿ ಅನ್ನಲಿಲ್ಲ. ತಂದೆ ಮಗಳು ಮಾತಾಡುತ್ತಿರುವುದು ಮೆಟ್ಟಿಲ ಕೊನೆಯವರೆಗೂ ಕೇಳುತ್ತಿತ್ತು; ಅದರಲ್ಲಿ ನನ್ನ ಹೆಸರು ಎಲ್ಲಿಯೂ ಇರಲಿಲ್ಲ.